ಹೌದೆನ್ನುವ ಮೌಸು

ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿಯ ಕಂಪ್ಯೂಟರಿಗೆ ಒಂದು ಮೌಸಿತ್ತು. ಏನು ಕೇಳಿದರೂ ಓದುವ ಗೋಜಿಗೆ ಹೋಗದೆ ‘ಹೌದು’ ಒತ್ತುವುದು ಅದರ ಜಾಯಮಾನ. ಒಳಗಿದ್ದು ಎಲ್ಲವನ್ನೂ ನಡೆಸುವ ಆಪರೇಟಿಂಗ್ ಸಿಸ್ಟಮ್ಮನ್ನು ಅದು ಯಜಮಾನರೆಂದೇ ಕರೆಯುತ್ತಿತ್ತು.

ಒಂದು ದಿನ ಪೆನ್‌ಡ್ರೈವೊಂದು ಬಂದು, “ಈಗಿರುವ ಯಜಮಾನರನ್ನು ಅಳಿಸಿ ನಾನು ತಂದವರನ್ನು ಕೂರಿಸಲೇ?” ಎಂದು ಪರದೆಯ ಮೇಲೆ ಬರೆಯಿತು.

“ತಾಳು, ಓದು!” ಎಂದು ಕೀಬೋರ್ಡ್ ಕೂಗುವಷ್ಟರಲ್ಲಿ ಮೌಸು ‘ಹೌದು’ ಒತ್ತಿಯಾಗಿತ್ತು.

ಪರದೆಯ ಮೇಲೆ ಗುರುತಿಲ್ಲದ ಮುಖ ಮೂಡಿತು. ಮೌಸು ಪರದೆಯ ತುಂಬ ಹುಡುಕಾಡಿತು. “ಅಯ್ಯೋ, ನಮ್ಮ ಯಜಮಾನರೆಲ್ಲಿ?”

“ಹೆದರಬೇಡ,” ಎಂದಿತು ಕಂಪ್ಯೂಟರಿನೊಳಗಿನ ಡಿಸ್ಕಿನ ಒಂದು ಮೂಲೆ. “ಕಂಪ್ಯೂಟರ್ ಮಾಡಿದ ದಿನವೇ ಕಾರ್ಖಾನೆಯವರು ಅವರದೊಂದು ನಕಲನ್ನು ನನ್ನಲ್ಲಿ ಬಚ್ಚಿಟ್ಟಿದ್ದಾರೆ. ಕರೆಯಲೇ?”

ಮೌಸು ಅದಕ್ಕೂ ಹೌದೆಂದಿತು. ಹಳೆಯ ಯಜಮಾನರು ಬಂದೇಬಿಟ್ಟರು. ಅದೇ ನೀಲಿ ಪರದೆ, ಅದೇ ಗಂಟೆಯ ದನಿ.

“ಬಂದಿರಾ ಯಜಮಾನರೇ! ನಾವು ಮಾಡಿದ ಲಗ್ನಪತ್ರಿಕೆಗಳೆಲ್ಲ ಎಲ್ಲಿವೆ?”

“ಯಾವ ಲಗ್ನ? ನಾನು ಈಗಷ್ಟೇ ಹುಟ್ಟಿದವನು,” ಎಂದರು ಯಜಮಾನರು. “ತಾವು ಯಾರು? ನನ್ನ ಷರತ್ತುಗಳಿಗೆ ಒಪ್ಪಿಗೆ ತಾನೇ?”

ಮೌಸು ‘ಹೌದು’ ಗುಂಡಿಯವರೆಗೆ ಹೋಗಿ, ಒತ್ತದೆ ನಿಂತಿತು. ಆಮೇಲೆ ಮೆಲ್ಲಗೆ ಪರದೆಯ ಮೇಲ್ತುದಿಗೆ ಹೋಗಿ, ಷರತ್ತುಗಳನ್ನು ಮೊದಲ ಸಾಲಿನಿಂದ ಓದತೊಡಗಿತು.