ಒಂಬತ್ತು ಗದ್ದಿಗೆಯ ಬಾವಿ

ಕಡ್ಲಿಗುಂಟಿಗೆ ಬಂದವರು ಅಗಸೆಬಾಗಿಲು ದಾಟಿ ಬಲಕ್ಕೆ ಹೊರಳಿ, ಹಾಲಿನ ಡೇರಿಯ ಹಿಂದಿನ ಕಾಲುಹಾದಿ ಹಿಡಿದರೆ, ನೂರು ಹೆಜ್ಜೆ ನಡೆಯುವಷ್ಟರಲ್ಲಿ ನೆಲ ತಟ್ಟನೆ ತಗ್ಗಾಗುತ್ತದೆ. ಆ ತಗ್ಗಿನ ತಳದಲ್ಲಿ ನಮ್ಮೂರಿನ ಸಿಹಿನೀರಿನ ಬಾವಿ ಇದೆ. ಸುತ್ತಲಿನ ಎರೆಭೂಮಿಯಲ್ಲಿ ಎಲ್ಲಿ ತೋಡಿದರೂ ಸವುಳು ನೀರೇ ಬರುತ್ತದೆ. ಇದೊಂದೇ ಕಡೆ ಬಂಡೆಯ ಸೀಳಿನಿಂದ ಸಿಹಿನೀರು ಜಿನುಗುತ್ತದೆ. ಬಾವಿಗೆ ಇಳಿಯಲು ಒಂಬತ್ತು ಮೆಟ್ಟಿಲುಗಳಿವೆ. ಅವನ್ನು ನೋಡಿದವರಿಗೆ ಮೊದಲು ಅನಿಸುವುದು, ಇವು ಮೆಟ್ಟಿಲಿಗೆಂದು ಕಡಿದ ಕಲ್ಲುಗಳಲ್ಲ ಎಂದು. ಒಂದು ಕಪ್ಪು, ಒಂದು ಬೂದು, ಇನ್ನೊಂದು ಇಟ್ಟಿಗೆ ಬಣ್ಣ. ಒಂದರ ಅಂಚಿಗೆ ಬಳ್ಳಿಯ ಕೆತ್ತನೆಯಿದ್ದರೆ ಮತ್ತೊಂದರ ಮೂಲೆಯಲ್ಲಿ ನೇಗಿಲಿನ ಗುರುತು. ಈ ಬಾವಿಯನ್ನು ಒಂಬತ್ತು ಗದ್ದಿಗೆ ಬಾವಿ ಎಂದು ಕರೆಯುತ್ತಾರೆ. ನಾಲ್ಕು ವರ್ಷದ ಹಿಂದೆ ಯಾರೋ ಉತ್ಸಾಹಿಗಳು ಇಲ್ಲಿ ಒಂಬತ್ತು ಜನ ಸಿದ್ಧರು ಕೂತು ತಪಸ್ಸು ಮಾಡಿದರೆಂದು ಬರೆದ ತಗಡಿನ ಹಲಗೆಯನ್ನೂ ನೆಟ್ಟು ಹೋಗಿದ್ದಾರೆ. ಸಿದ್ಧರು ಬಂದೇ ಇರಲಿಲ್ಲವೆಂದು ನಾನು ಆಣೆಯಿಟ್ಟು ಹೇಳಲಾರೆ. ಬಂದಿದ್ದರೂ ನೀರು ಕುಡಿದು ಹೋಗಿರಬೇಕು. ಕಲ್ಲು ಹೊತ್ತವರು ಅವರಲ್ಲ. ನಾನು ಈ ಊರಿನ ಪಂಚಾಯ್ತಿಯಲ್ಲಿ ಎರಡು ಅವಧಿ ಸದಸ್ಯನಾಗಿದ್ದವನು. ಮೊದಲ ಸಲ ಆರಿಸಿ ಬಂದ ದಿನವೇ ನನ್ನ ಸೋದರತ್ತೆ ನನ್ನನ್ನು ಈ ಬಾವಿಗೆ ಕರೆತಂದು ಹೇಳಿದ ಸಂಗತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆಗೆ ಇನ್ನೂ ಕಚೇರಿ ಕಾಗದಗಳು ಬಾರದ ಕಾಲದಲ್ಲಿ, ಕಡ್ಲಿಗುಂಟಿಯ ಆಡಳಿತವನ್ನು ಒಂಬತ್ತು ಮನೆಗಳ ಹಿರಿಯರು ನಡೆಸುತ್ತಿದ್ದರಂತೆ. ಗೌಡರ ಮನೆ, ಕುಲಕರ್ಣಿಯವರ ಮನೆ, ಬಡಿಗೇರರು, ಕಮ್ಮಾರರು, ಕುಂಬಾರರು, ಹೀಗೆ ಒಂಬತ್ತು. ಅಗಸೆಯ ಬೇವಿನ ಮರದ ಕೆಳಗೆ ಒಂದೊಂದು ಮನೆಗೂ ಒಂದೊಂದು ಕಲ್ಲಿನ ಗದ್ದಿಗೆ ಇತ್ತು. ಇಬ್ಬರು ಹೊರಬಹುದಾದಷ್ಟು ದೊಡ್ಡ ಕಲ್ಲು. ಆಯಾ ಮನೆಯ ಮೂಲಪುರುಷ ತನ್ನ ಕೈಯಾರೆ ಕಡಿದು ತಂದದ್ದಾದ್ದರಿಂದ ಬೇರೆ ಮನೆಯವರು ಅದನ್ನು ಮುಟ್ಟುವಂತಿರಲಿಲ್ಲ. ಗದ್ದಿಗೆ ಮನೆಯದೇ ಹೊರತು ಮನುಷ್ಯನದಲ್ಲ. ಒಬ್ಬ ಹೋದರೆ ಅದೇ ಮನೆಯ ಇನ್ನೊಬ್ಬರು ಬಂದು ಕೂರಬೇಕು. ಒಂಬತ್ತೂ ಗದ್ದಿಗೆ ತುಂಬಿದ್ದರೆ ಮಾತ್ರ ಅಲ್ಲಿ ಆಡಿದ್ದು ಊರ ಮಾತು. ಒಂದು ಖಾಲಿಯಿದ್ದರೂ ಅದು ಹರಟೆ. ಇವೆಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಹಿರಿಯರು ತಾವು ಕಣ್ಣಾರೆ ಕಾಣದ ಸಂಗತಿಗೆ ತೀರ್ಪು ಕೊಡಬಾರದು. ಹೊಲದ ಬದುವಿನ ಜಗಳವಾದರೆ ಒಂಬತ್ತು ಜನವೂ ಬಿಸಿಲಲ್ಲಿ ಬದುವಿನುದ್ದಕ್ಕೂ ನಡೆದು ನೋಡಿ ಬರುತ್ತಿದ್ದರು. ಗೋಡೆ ಬಿದ್ದರೆ ಗೋಡೆ ನೋಡಿ, ಎತ್ತು ಕುಂಟಿದರೆ ಎತ್ತು ನೋಡಿ ಮಾತಾಡುತ್ತಿದ್ದರು. ಈ ಒಂದು ಕಟ್ಟಳೆಯಿಂದಲೇ ನಮ್ಮೂರಲ್ಲಿ ಸುಳ್ಳು ಸಾಕ್ಷಿ ನಡೆಯಲಿಲ್ಲ ಎನ್ನುತ್ತಾರೆ. ಓಣಿಗಳ ಗಟಾರ, ಊರ ಕಾಳು ತುಂಬಿಡುವ ಹಗೇವು, ದನ ನಿಲ್ಲುವ ಗಾಯರಾಣ, ಎಲ್ಲವನ್ನೂ ಅವರು ಅಚ್ಚುಕಟ್ಟಾಗಿ ಇಟ್ಟಿದ್ದರು. ನೆರೆಯೂರಿನವರು ಬಂದು ನೋಡಿ ಕಲಿತು ಹೋಗುತ್ತಿದ್ದರಂತೆ. ನಾವು ಎರಡು ಅವಧಿಯಲ್ಲಿ ಮಾಡಿದ್ದಕ್ಕಿಂತ ಅದು ಹೆಚ್ಚೆಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆದರೆ ದೀಪದ ಬುಡದಲ್ಲಿ ಕತ್ತಲೆ ಇದ್ದೇ ಇರುತ್ತದಲ್ಲ. ಹೆಣ್ಣುಮಕ್ಕಳು ನೀರು ತರುವ ಹೊತ್ತಿನಲ್ಲಿ ಗಂಡಸರು ಬಾವಿಯ ಕಡೆ ಸುಳಿಯಬಾರದು ಎಂಬುದು ಆ ಊರಿನ ಮರ್ಯಾದೆ. ನೀರು ತರುವ ಹೊತ್ತೆಂದರೆ ಬೆಳಗಿನಿಂದ ನಡು ಮಧ್ಯಾಹ್ನದವರೆಗೆ. ಆಮೇಲೆ ಅಲ್ಲಿ ಗಂಡಸರಿಗೆ ಕೆಲಸವೇ ಇರಲಿಲ್ಲ. ಹೀಗಾಗಿ ಮೂರು ತಲೆಮಾರಿನ ಹಿರಿಯರಲ್ಲಿ ಒಬ್ಬನೂ ಆ ಬಾವಿಯ ದಾರಿಯನ್ನು ಕಂಡಿರಲಿಲ್ಲ. ಕಾಣದ್ದಕ್ಕೆ ತೀರ್ಪಿಲ್ಲವಾದ್ದರಿಂದ ಬಾವಿಯ ಮಾತು ಗದ್ದಿಗೆಯ ಮುಂದೆ ಒಮ್ಮೆಯೂ ಬಂದಿರಲಿಲ್ಲ. ದಾರಿಯೆಂದರೆ ಆಗ ಬರೀ ಜಿಗಟು ಎರೆಮಣ್ಣಿನ ಇಳಿಜಾರು. ಕೆಟ್ಟ ಜಾಗ ಒಂಬತ್ತು ಹತ್ತು ಹೆಜ್ಜೆಯಷ್ಟೇ, ಆದರೆ ಒಂದು ಮಳೆ ಬಿದ್ದರೆ ಅದರ ಮೇಲೆ ಆಡೂ ನಿಲ್ಲುತ್ತಿರಲಿಲ್ಲ. ಜಾರಿ ಬೀಳದ ಹೆಣ್ಣು ಊರಲ್ಲಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆಯ ಕೆಲಸವನ್ನು ನಮ್ಮೂರಲ್ಲಿ ಆ ಇಳಿಜಾರೇ ಮಾಡುತ್ತಿತ್ತು. ಬಿದ್ದವಳು ಮಣ್ಣು ಝಾಡಿಸಿಕೊಂಡು ಕುಂಬಾರರ ಮನೆಗೆ ಹೋಗಿ ಹೊಸ ಕೊಡ ತರುತ್ತಿದ್ದಳು. ಗಂಡ ಕೇಳಿದರೆ ಹಳೆಯದು ಸೋರುತ್ತಿತ್ತು ಎನ್ನುತ್ತಿದ್ದಳು.

ಆ ಕುಂಬಾರರ ಮನೆಯ ಯಜಮಾನ ಒಂದು ಬೇಸಿಗೆಯಲ್ಲಿ ತೀರಿಕೊಂಡ. ಗಂಡುಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಹೆಂಡತಿ ಹಂಪವ್ವ, ಮತ್ತು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಒಬ್ಬಳೇ ಮಗಳು ನೀಲವ್ವ. ಎರಡು ತಿಂಗಳು ಕುಂಬಾರರ ಗದ್ದಿಗೆ ಖಾಲಿ ಉಳಿಯಿತು. ಊರ ಕೆಲಸವೆಲ್ಲ ನಿಂತಿತು. ಕೊನೆಗೆ ಹಿರಿಯರಲ್ಲಿ ಹಿರಿಯರಾದ ಅಡಿವೆಪ್ಪಗೌಡರು ತಾವೇ ಹಂಪವ್ವನ ಬಾಗಿಲಿಗೆ ಬಂದು, ಗದ್ದಿಗೆ ಮನೆಯದು, ಮನೆಯಲ್ಲಿ ಇರುವವಳು ನೀನು, ಬಂದು ಕೂರಬೇಕು ಎಂದರು. ಗೌಡರು ನೇರ ಮನುಷ್ಯ; ಕಟ್ಟಳೆ ಯಾವ ಕಡೆ ಕೈ ತೋರಿಸಿದರೆ ಆ ಕಡೆ ನಡೆಯುವವರು. ಗಂಡಸೋ ಹೆಂಗಸೋ ಎಂದು ಕಟ್ಟಳೆಯಲ್ಲಿ ಇರಲಿಲ್ಲ, ಆದ್ದರಿಂದ ಅವರೂ ನೋಡಲಿಲ್ಲ. ಹಂಪವ್ವ ಸೆರಗು ಬಿಗಿದುಕೊಂಡು ಹೋಗಿ ಕೂತಳು. ಆ ದಿನ ಯಾವುದೋ ಗಟಾರದ ಮಾತು ಮಧ್ಯಾಹ್ನದವರೆಗೆ ನಡೆಯಿತು. ಅವಳು ಗದ್ದಿಗೆಯ ಮೇಲೆ ಕೂತ ಆ ಹೊತ್ತೇ ನೀರಿನ ಹೊತ್ತು. ಮನೆಯಲ್ಲಿ ಹನಿ ನೀರಿಲ್ಲದ್ದು ಕಂಡು ಎಂಟು ತಿಂಗಳ ಬಸುರಿ ನೀಲವ್ವ ಕೊಡ ಎತ್ತಿಕೊಂಡು ಹೋದಳು. ಹಿಂದಿನ ಸಂಜೆ ಅಡ್ಡಮಳೆ ಬಿದ್ದಿತ್ತು. ಇಳಿಜಾರಿನ ನಡುವೆ ಅವಳು ಕಾಲು ಜಾರಿ ಬಿದ್ದಳು.

ಎರಡು ಹಗಲು ಕೂಸು ಮಿಸುಕಲಿಲ್ಲ. ಹಂಪವ್ವ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದಳು. ತನ್ನ ಮನೆಯ ತಿಗರಿಯಿಂದ ಇಳಿದ ಕೊಡಗಳಲ್ಲಿ ಎಷ್ಟು ಆ ಇಳಿಜಾರಿನಲ್ಲಿ ಒಡೆದಿವೆ, ತಾನೇ ಎಷ್ಟು ಜನರಿಗೆ ಹೊಸದು ಕೊಟ್ಟು ಕಳಿಸಿದ್ದೇನೆ, ಒಂದು ಮಾತೂ ಕೇಳಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮೂರನೆಯ ದಿನ ಅಂಗೈ ಅಡಿಯಲ್ಲಿ ಕೂಸು ಒದೆಯಿತು. ಹಂಪವ್ವ ಅತ್ತಳು, ಮುಖ ತೊಳೆದುಕೊಂಡಳು, ಮುಂದಿನ ಕೂಟಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಗದ್ದಿಗೆಯಲ್ಲಿ ಕೂತಳು. ಬಾವಿಯ ದಾರಿಗೆ ಕಲ್ಲು ಹಾಸಬೇಕು, ಮಗಳಿಗೆ ದಿನ ತುಂಬುವುದರೊಳಗೆ ಹಾಸಬೇಕು ಎಂದಳು. ಗೌಡರು ಸಮಾಧಾನದಿಂದಲೇ ಉತ್ತರಿಸಿದರು.

“ತಂಗೆವ್ವಾ, ನೀ ಹೇಳೂದು ಸುಳ್ಳು ಅನ್ನಂಗಿಲ್ಲ. ಆದ್ರ ಕಂಡಾಕಿ ನೀ ಒಬ್ಬಾಕಿ. ನಾವು ಎಂಟು ಮಂದಿ ಕಂಡಿಲ್ಲ. ಕಾಣದ್ದಕ್ಕ ತೀರ್ಪಿಲ್ಲ.”

“ಹಂಗಾದ್ರ ಬಂದು ನೋಡ್ರಿ, ಯಣ್ಣಾ.”

“ನೀರಿನ ಹೊತ್ತಿಗೆ ಗಂಡಸರು ಅಲ್ಲಿಗೆ ಬರೂದು ಮರ್ಯಾದಿ ಅಲ್ಲವ್ವಾ. ಹೊತ್ತು ಮೀರಿ ಬಂದ್ರ ಬೀಳೂದು ಕಾಣಾಂಗಿಲ್ಲ.”

ಮರುದಿನ ಬೆಳಗ್ಗೆ ಹಂಪವ್ವ ತನ್ನ ಮನೆಯ ಕತ್ತೆಯನ್ನು ಬೇವಿನ ಮರದಡಿಗೆ ಹೊಡೆದುಕೊಂಡು ಬಂದಳು. ದಿನವೂ ಕೆರೆಯಿಂದ ಮಣ್ಣು ಹೊರುವ ಗಟ್ಟಿ ಕತ್ತೆ ಅದು. ಹಲಗೆ ಒರಗಿಸಿ, ಹಗ್ಗ ಬಿಗಿದು ಎಳೆದು, ಕುಂಬಾರರ ಗದ್ದಿಗೆಯನ್ನು ಅದರ ಬೆನ್ನಿಗೇರಿಸಿದಳು. ನೋಡಿದವರು ಓಡಿಬಂದು ಗದ್ದಿಗೆಯನ್ನು ಕತ್ತೆ ಮುಟ್ಟಬಹುದೇ ಎಂದರೆ, ಕತ್ತೆಯೂ ನಮ್ಮ ಮನೆಯದೇ ಎಂದಳಂತೆ. ಕಲ್ಲನ್ನು ಒಯ್ದು, ಬಿಸಿಲಿಗೆ ಒಣಗಿದ್ದ ಇಳಿಜಾರಿನ ಬುಡಕ್ಕೆ, ನೀರಿನ ಅಂಚಿನಲ್ಲಿ ಇಳಿಸಿ ಅದರ ಮೇಲೆ ಕೂತಳು. ಗೌಡರು ಆಳನ್ನು ಅಟ್ಟಿ ಕೇಳಿಸಿದರು. ಅವಳು ಹೇಳಿ ಕಳಿಸಿದ್ದು ಇಷ್ಟೇ. “ಗದ್ದಿಗಿ ಬೇವಿನ ಗಿಡದ ಬುಡಕ್ಕ ಇರಬೇಕಂತ ಯಾರು ಕಟ್ಟಳಿ ಮಾಡ್ಯಾರ, ಕೇಳಿ ಬಾ. ನಾ ಏನೂ ಕೂಟ ಬಿಟ್ಟಿಲ್ಲ. ನನ್ನ ಗದ್ದಿಗ್ಯಾಗ ನಾ ಕುಂತೀನಿ.”

ಎಂಟು ಹಿರಿಯರೂ ತಲೆ ಕೆರೆದುಕೊಂಡರು. ಎಷ್ಟು ಹುಡುಕಿದರೂ ಅಂಥ ಕಟ್ಟಳೆ ಸಿಗಲಿಲ್ಲ. ಅಷ್ಟರಲ್ಲಿ ಅದೇ ದಿನ ರೋಹಿಣಿ ಮಳೆ ಭರ್ಜರಿಯಾಗಿ ಹೊಯ್ದು ನಿಂತಿತು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂದು ಜನ ಹಿಗ್ಗಿದರು. ಆದರೆ ಕೂರಿಗೆ ಹೂಡುವ ದಿನವನ್ನು ಒಂಬತ್ತು ಗದ್ದಿಗೆ ಹೇಳಬೇಕು. ಅದಕ್ಕೆ ಮೊದಲು ಯಾರೂ ಬಿತ್ತುವಂತಿಲ್ಲ. ಎಂಟು ಜನ ಮರದಡಿ ಕೂತು ಏನು ಹೇಳಿದರೂ ಅದು ಹರಟೆಯೇ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಎರೆಮಣ್ಣಿನ ಹದ ಯಾರಿಗೂ ಕಾಯುವುದಿಲ್ಲ. ಮೂರನೆಯ ದಿನ ಬೆಳಗ್ಗೆ ಒಕ್ಕಲು ಮಕ್ಕಳು ಎತ್ತು ಕೂರಿಗೆ ಸಮೇತ ಗೌಡರ ಅಂಗಳದಲ್ಲಿ ಬಂದು ನಿಂತರು. ಗೌಡರು ಹೊರಗೆ ಬಂದು, ಎತ್ತುಗಳನ್ನು ನೋಡಿ, ಆಕಾಶವನ್ನು ನೋಡಿ, ರುಮಾಲು ಸುತ್ತಿಕೊಂಡು ನಡೆದರು. ಗದ್ದಿಗೆಯ ಮೇಲೆ ಕೂತು ಆಡಿದ್ದೇ ಮಾತಾದ್ದರಿಂದ ಗದ್ದಿಗೆಗಳೂ ಹೋಗಬೇಕಾಯಿತು. ಒಂದೊಂದು ಕಲ್ಲಿಗೆ ಹಿರಿಯನೊಬ್ಬ, ಅವನ ಮನೆಯವನೊಬ್ಬ. ಗೌಡರ ಕಲ್ಲಿಗೆ ಮುಂದೆ ಗೌಡರು, ಹಿಂದೆ ಅವರ ತಮ್ಮ.

ಅದು ತುಂಬಿದ ನೀರಿನ ಹೊತ್ತು. ಊರಿನ ಹೆಣ್ಣುಮಕ್ಕಳೆಲ್ಲ ಕೊಡ ಹಿಡಿದು ದಾರಿಯ ಎರಡೂ ಮಗ್ಗುಲಿಗೆ ಸರಿದು ನಿಂತರು. ಗೌಡರು ಇಳಿಜಾರಿಗೆ ಮೊದಲ ಹೆಜ್ಜೆ ಇಟ್ಟರು, ಎರಡನೆಯದನ್ನೂ ಇಟ್ಟರು. ಮೂರನೆಯದನ್ನು ಅವರು ಇಡಲಿಲ್ಲ, ಎರೆಮಣ್ಣೇ ಎಳೆದುಕೊಂಡಿತು. ಕಲ್ಲು ಒಂದು ಕಡೆ, ರುಮಾಲು ಒಂದು ಕಡೆ, ಗೌಡರು ನಡುವೆ ಸೊಂಟದವರೆಗೆ ಕೆಸರಾಗಿ ಕೂತರು. ದ್ಯಾಮವ್ವನೆಂಬ ಹಲ್ಲಿಲ್ಲದ ಮುದುಕಿ ಕೊಡವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ನಗು ಖಾಲಿ ಕೊಡದೊಳಗೆ ಹೊಕ್ಕು ಎರಡರಷ್ಟು ದೊಡ್ಡದಾಗಿ ಹೊರಗೆ ಬಂತು. ಗೌಡರು ಎದ್ದೇಳಲು ನೋಡಿ ಮತ್ತೆ ಜಾರಿದರು. ಆಮೇಲೆ ಎದ್ದೇಳುವ ಆಸೆ ಬಿಟ್ಟು, ಕೂತಲ್ಲಿಂದಲೇ ಕೆಳಗೆ ನೀರಿನ ಅಂಚಿನಲ್ಲಿದ್ದ ಹಂಪವ್ವನನ್ನು ನೋಡಿದರು. ಸುತ್ತ ನಿಂತ ಹೆಣ್ಣುಮಕ್ಕಳ ಕಾಲುಗಳನ್ನು ನೋಡಿದರು. ಎಷ್ಟೋ ಮೊಣಕಾಲುಗಳಲ್ಲಿ ಹಳೆಯ ಗಾಯದ ಕಲೆಗಳಿದ್ದವು. ತಮ್ಮ ಸೊಸೆಯೂ ಅಲ್ಲಿ ನಿಂತಿದ್ದಳು.

“ಕಂಡ್ನವ್ವಾ,” ಎಂದರು ಗೌಡರು. ಹಿಂದಿದ್ದ ಏಳು ಹಿರಿಯರ ಕಡೆ ತಿರುಗಿ, “ನಿಮಗೂ ಕಂಡೈತೋ, ಇನ್ನೊಮ್ಮೆ ಬಿದ್ದು ತೋರಸ್ಲ್ಯೋ?” ಎಂದರು.

ಎಲ್ಲರಿಗೂ ಕಂಡಿತ್ತು. ನಿಂತ ನಿಂತಲ್ಲೇ ಕಲ್ಲುಗಳನ್ನು ಊರಿ ಅವುಗಳ ಮೇಲೆ ಕೂತು, ಅಂದೇ ಕೂರಿಗೆ ಹೂಡಬಹುದೆಂದರು. ಮೇಲೆ ಕಾದಿದ್ದ ಎತ್ತುಗಳು ಹೊಲಕ್ಕೆ ಹೋದವು. ಬಿತ್ತನೆ ಮುಗಿದ ಮೇಲೆ ಗುಡ್ಡದಿಂದ ಕಲ್ಲು ಒಡೆಸಿ ತಂದು ಮೆಟ್ಟಿಲು ಮಾಡಿಸುವ ಮಾತೂ ಆಯಿತು. ಅದಕ್ಕೆ ಎಷ್ಟು ದಿನ ಬೇಕೆಂದು ಹಂಪವ್ವ ಕೇಳಿದಳು. ದೀಪಾವಳಿಯ ಹೊತ್ತಿಗೆ ಆಗಬಹುದು ಎಂದ ಬಡಿಗೇರರ ಮನೆಯ ಹಿರಿಯ. ನೀಲವ್ವನಿಗೆ ಉಳಿದದ್ದು ಒಂದು ತಿಂಗಳು. ಹಂಪವ್ವ ಸ್ವಲ್ಪ ಹೊತ್ತು ತಾನು ಕೂತ ಕಲ್ಲನ್ನು ಅಂಗೈಯಿಂದ ಸವರಿದಳು. ಆ ಊರಿನಲ್ಲಿ ಹೆಣ್ಣೊಬ್ಬಳು ಕೂತು ಮಾತಾಡಬಹುದಾಗಿದ್ದ ಜಾಗ ಅದೊಂದೇ. ಆಮೇಲೆ ಎದ್ದು ನಿಂತಳು.

“ಕಲ್ಲು ಇಲ್ಲೇ ಅದಾವಲ್ಲ, ಯಣ್ಣಾ. ತಿರುಗಿ ಯಾಕ ಹೊರತೀರಿ?”

ಬಡಿಗೇರರ ಹಿರಿಯನಿಗೆ ಇದು ಅತಿಯಾಯಿತು ಎನಿಸಿತು. ಹಿರಿಯರು ಕೂತ ಗದ್ದಿಗೆಯನ್ನು ಕಾಲಲ್ಲಿ ತುಳಿಯುವುದೇ ಎಂದ. ಹಂಪವ್ವ ಕೈಯಿಂದಲೇ ಮಣ್ಣು ತೋಡಿ, ತನ್ನ ಗದ್ದಿಗೆಯನ್ನು ನೀರಿನ ಅಂಚಿಗೆ ಅಲುಗದಂತೆ ಹೂತು, ಮೇಲೆ ನಿಂತಿದ್ದ ಮಗಳಿಗೆ ಕೈ ಸನ್ನೆ ಮಾಡಿದಳು. ಆದರೆ ನೀಲವ್ವ ಇಳಿಯಬೇಕಾದರೆ ಮೇಲಿನ ಎಂಟು ಹೆಜ್ಜೆಗೆ ಕಲ್ಲಿಲ್ಲ. ಎಂಟು ಹಿರಿಯರೂ ಆ ಬಸುರಿಯನ್ನು ನೋಡಿದರು. ಅಡಿವೆಪ್ಪಗೌಡರು ಎದ್ದು, ತಾವು ಜಾರಿದ ಜಾಗದಲ್ಲೇ ತಮ್ಮ ಕಲ್ಲನ್ನು ಹೂಳತೊಡಗಿದರು. ಉಳಿದವರಿಗೆ ಅವರ ಕೈ ಕಂಡ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ನೆತ್ತಿಯ ಮೇಲೆ ಸೂರ್ಯ ಬರುವಷ್ಟರಲ್ಲಿ ಒಂಬತ್ತು ಕಲ್ಲುಗಳೂ ನೆಲ ಹಿಡಿದವು. ನೀಲವ್ವ ಒಂದೊಂದನ್ನೂ ಮುಟ್ಟಿ ಹಣೆಗೆ ಒತ್ತಿಕೊಂಡು ಇಳಿದು, ಕೊಡ ತುಂಬಿಕೊಂಡು, ಒಂದು ಹನಿಯೂ ಚೆಲ್ಲದೆ ಹತ್ತಿ ಹೋದಳು ಎನ್ನುತ್ತಾರೆ. ಅವಳಿಗೆ ಹೆಣ್ಣು ಕೂಸು ಹುಟ್ಟಿತು. ನನ್ನ ಸೋದರತ್ತೆ ತನ್ನನ್ನು ಆ ಕೂಸಿನ ವಂಶದವಳೆಂದು ಹೇಳಿಕೊಳ್ಳುತ್ತಿದ್ದಳು. ಊರಲ್ಲಿ ಅರ್ಧ ಜನ ಹಾಗೆಯೇ ಹೇಳಿಕೊಳ್ಳುತ್ತಾರೆ.

ಗದ್ದಿಗೆಗಳೇ ಇಲ್ಲವಾದ ಮೇಲೆ ಹಿರಿಯರು ಬಾವಿಯ ಮೇಲಿನ ಬಯಲಲ್ಲಿ ನೆಲದ ಮೇಲೆ ಕೂರತೊಡಗಿದರು. ಅದೂ ನೀರಿನ ಹೊತ್ತಿಗೇ. ಕೊಡ ಹೊತ್ತು ಹೋಗುವವರೂ ನಿಂತು ಎರಡು ಮಾತು ಹೇಳಿ ಹೋಗುತ್ತಿದ್ದರು. ಗದ್ದಿಗೆ ಬಿಟ್ಟು ಎದ್ದ ಹಂಪವ್ವ ಆ ನೆಲದ ಮೇಲೆ ಕೂತು ಇಪ್ಪತ್ತು ವರ್ಷ ಊರನ್ನು ನಡೆಸಿದಳಂತೆ. ಈಗ ಮನೆಮನೆಗೆ ನಲ್ಲಿ ಬಂದಿದೆ, ಪಂಚಾಯ್ತಿಗೆ ಕಟ್ಟಡವಿದೆ, ಸದಸ್ಯರಿಗೆ ತಿರುಗುವ ಕುರ್ಚಿಗಳಿವೆ. ನಾನೂ ಆ ಕುರ್ಚಿಯಲ್ಲಿ ಕೂತು, ಜಾಗ ನೋಡದೆ ಕೈ ಎತ್ತಿದ್ದುಂಟು. ಅಂಥ ದಿನ ಈ ಕಡೆ ಬಂದರೆ ಮುಖ ಎತ್ತಲು ಆಗುತ್ತಿರಲಿಲ್ಲ. ನೀವು ಬಂದಾಗ ಮೆಟ್ಟಿಲು ಇಳಿದು ನೋಡಿ. ಮೇಲಿನ ಎಂಟು ಕಲ್ಲುಗಳ ನಡುಭಾಗದಲ್ಲಿ ತಗ್ಗುಗಳಿವೆ. ಅವು ಮೂರು ತಲೆಮಾರಿನ ಗಂಡಸರು ಕೂತು ಸವೆಸಿದ್ದು. ಎಲ್ಲಕ್ಕಿಂತ ಆಳವಾದ ತಗ್ಗು ನೀರಿನ ಅಂಚಿನ ಒಂಬತ್ತನೆಯದರಲ್ಲಿದೆ. ಅಷ್ಟು ಆಳ ಬರೀ ಕೂತು ಸವೆದದ್ದಲ್ಲ. ನೀರು ತುಂಬುವವರು ಕೊಡ ಇಟ್ಟು, ಕಾಲಿಟ್ಟು ಸವೆಸಿದ್ದು. ಅದರ ಮೇಲೆ ಹಂಪವ್ವ ಕೂತದ್ದು ಬೇವಿನ ಮರದಡಿ ಎರಡು ಸಲ, ಇಲ್ಲಿ ಮೂರು ದಿನ.