ಉಪ್ಪಿನ ಎತ್ತುಗಳಿಗೆ ಬಿಟ್ಟ ದಾರಿ

“ಅಜ್ಜಯ್ಯಾ, ಎರಡು ರಾಜ್ಯಗಳು ಕಾದಾಡುವಾಗ ಮೂರನೆಯವನು ನಡುವೆ ಯಾಕೆ ಬರುತ್ತಾನೆ? ಬಂದರೂ ಅವನ ಮಾತನ್ನು ಅವರು ಯಾಕೆ ಕೇಳುತ್ತಾರೆ?” ಎಂದು ಶಿಷ್ಯ ಕೇಳಿದ.

ಮಠದ ಗುರುಗಳನ್ನು ಎಲ್ಲರೂ ಅಜ್ಜಯ್ಯ ಎಂದೇ ಕರೆಯುತ್ತಿದ್ದರು. ಅವರು “ಕೂತುಕೋ” ಎಂದು ಈ ಕತೆ ಹೇಳಿದರು.

ಎರಡು ರಾಜ್ಯಗಳ ನಡುವೆ ಒಂದು ಕಣಿವೆಯ ದಾರಿ ಇತ್ತು. ಅದು ತನ್ನದೆಂದು ಇಬ್ಬರು ರಾಜರೂ ಪಟ್ಟು ಹಿಡಿದರು. ದಾರಿಯ ಎಡಕ್ಕೆ ಒಬ್ಬನ ದಂಡು, ಬಲಕ್ಕೆ ಇನ್ನೊಬ್ಬನ ದಂಡು ಬಂದು ಕೂತಿತು. ಎರಡು ತಿಂಗಳಲ್ಲಿ ನಲವತ್ತು ಹೆಣ ಬಿದ್ದವು. ಇಬ್ಬರಿಗೂ ಸಾಕಾಗಿತ್ತು. ಸಾಕು ಎಂದು ಮೊದಲು ಹೇಳುವ ಬಾಯಿ ಮಾತ್ರ ಯಾರಿಗೂ ಇರಲಿಲ್ಲ.

ಆಗ ಕಡಲ ಕಡೆಯ ಮೂರನೆಯ ರಾಜ್ಯದಿಂದ ಒಬ್ಬ ವ್ಯಾಪಾರಿ ನೂರು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಂದ. ಸಂತೆಗೆ ಹೋಗಲು ಇದ್ದದ್ದು ಅದೊಂದೇ ದಾರಿ. ಮಳೆಗಾಲಕ್ಕೆ ಹದಿನೈದು ದಿನ ಉಳಿದಿತ್ತು. ಮಳೆ ಬಿದ್ದರೆ ಉಪ್ಪೆಲ್ಲ ನೀರು, ಉಪ್ಪು ತೆಗೆದ ಅವನ ಊರಿಗೆ ವರ್ಷವಿಡೀ ಉಪವಾಸ.

ಅವನು ನೆಟ್ಟಗೆ ಎಡಗಡೆಯ ರಾಜನ ಬಳಿ ಹೋದ.

“ನೀನು ಯಾರ ಕಡೆಯವನು?” ಎಂದ ರಾಜ.

“ನನ್ನ ಉಪ್ಪಿನ ಕಡೆಯವನು, ದೊರೆಯೇ. ನೀವು ಗೆದ್ದರೂ ಅವರು ಗೆದ್ದರೂ ನನಗೆ ಒಂದೇ. ನನಗೆ ದಾರಿ ಬೇಕು.”

ರಾಜನಿಗೆ ನಗು ಬಂತು. ಎರಡು ತಿಂಗಳಲ್ಲಿ ಅವನು ಕೇಳಿದ ಮಾತುಗಳಲ್ಲಿ ನಂಬುವಂಥದ್ದು ಅದೊಂದೇ.

“ನಾನು ಸರಿದರೆ ಆ ಕಳ್ಳ ನುಗ್ಗುತ್ತಾನಲ್ಲ?”

“ಅವರಿಗಾಗಿ ಸರಿಯಬೇಡಿ. ನನ್ನ ಎತ್ತುಗಳಿಗಾಗಿ ಸರಿಯಿರಿ. ಅವರೂ ಅಷ್ಟೇ ಸರಿಯಬೇಕು. ನಾನು ನಟ್ಟನಡುವೆ ನಿಂತು ನೋಡುತ್ತೇನೆ. ಯಾರು ನುಗ್ಗಿದರೂ ಮೊದಲು ಸಾಯುವವನು ನಾನೇ ತಾನೇ?”

ರಾಜ ಒಪ್ಪಿದ. ವ್ಯಾಪಾರಿ ಬಲಗಡೆಯ ರಾಜನಿಗೂ ಇದನ್ನೇ ಹೇಳಿದ.

“ಅದಿರಲಿ, ಅವನು ನನ್ನನ್ನು ಏನೆಂದು ಬೈದ?” ಎಂದು ಈ ರಾಜ ಕೇಳಿದ.

“ಎತ್ತುಗಳಿಗೆ ಉಪ್ಪೇ ಭಾರವಾಗಿದೆ ದೊರೆಯೇ, ಬೈಗುಳ ಬೇರೆ ಎಲ್ಲಿ ಹೇರಲಿ? ಅವರು ನಾಳೆ ಬೆಳಿಗ್ಗೆ ಸರಿಯುತ್ತಾರಂತೆ. ನೀವು?”

ಬೆಳಿಗ್ಗೆ ವ್ಯಾಪಾರಿ ದಾರಿಯ ನಡುವೆ ನಿಂತ. ಹತ್ತು ಎತ್ತು ದಾಟಿದವು, ಈ ದಂಡು ನೂರು ಹೆಜ್ಜೆ ಹಿಂದೆ ಹೋಯಿತು, ಆ ದಂಡೂ ನೂರು ಹೆಜ್ಜೆ ಹೋಯಿತು. ಇನ್ನು ಹತ್ತು ಎತ್ತು, ಇನ್ನು ನೂರು ಹೆಜ್ಜೆ. ಕೊನೆಯ ಎತ್ತು ದಾಟುವಾಗ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ದೂರವಾಗಿತ್ತು.

ಇಬ್ಬರು ರಾಜರೂ ತಮ್ಮ ತಮ್ಮ ಊರಲ್ಲಿ ಒಂದೇ ಮಾತು ಹೇಳಿಕೊಂಡರು: “ಹಗೆಗೆ ಹೆದರಿ ಸರಿದವರಲ್ಲ ನಾವು. ಬಾಯಿಲ್ಲದ ಎತ್ತುಗಳಿಗೆ ದಾರಿ ಬಿಟ್ಟೆವು.” ಮಳೆ ಹಿಡಿಯಿತು, ದಂಡುಗಳು ಮನೆ ಸೇರಿದವು. ಮಳೆ ಬಿಟ್ಟ ಕೂಡಲೇ ವ್ಯಾಪಾರಿ ಮತ್ತೆ ಎತ್ತು ಹೊಡೆದುಕೊಂಡು ಬಂದ. ಕಣಿವೆ ಯಾರದೆಂಬ ವ್ಯಾಜ್ಯ ಇನ್ನೂ ತೀರಿಲ್ಲ. ಎತ್ತುಗಳು ಮಾತ್ರ ಇಂದಿಗೂ ನಡೆಯುತ್ತಿವೆ.

ಕತೆ ಕೇಳಿದ ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅವನು ಬಂದದ್ದು ತನ್ನ ಉಪ್ಪಿಗಾಗಿ. ಅದರಲ್ಲಿ ಪುಣ್ಯ ಎಲ್ಲಿ ಬಂತು ಅಜ್ಜಯ್ಯಾ?” ಎಂದ.

ಅಜ್ಜಯ್ಯ ಹೇಳಿದರು: “ದಂಡಿನಿಂದ ಜೀವಸಹಿತ ಬಂದ ಮಗನಿಗೆ ಅನ್ನ ಬಡಿಸುವಾಗ ಯಾವ ತಾಯಿಯೂ ಅದನ್ನು ಕೇಳಲಿಲ್ಲವಪ್ಪಾ.”