ನಿಂಬೆವ್ವನ ಎರಡು ಫೋಟೋ

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಅವರಿಗೆ ಕಲ್ಲಿನಾಥ ಎಂಬ ಶಿಷ್ಯ. ಹೆಂಡತಿ ನಿಂಬೆವ್ವ ತೀರಿಕೊಂಡ ಮೇಲೆ ತನ್ನ ಫೋಟೋ ಸ್ಟುಡಿಯೋಕ್ಕೆ ಬೀಗ ಹಾಕಿ, ಕಂಪ್ಯೂಟರ್ ಒಂದನ್ನೇ ಹೊತ್ತುಕೊಂಡು ಬಂದವನು.

ಮಠದ ಫೋಟೋಗಳನ್ನು ಜೋಡಿಸಿಡುವುದು ಅವನ ಸೇವೆ. ಪಂಕ್ತಿಯಲ್ಲಿ ಊಟಕ್ಕೆ ಕೂತರೂ ಯಾರೊಂದಿಗೂ ಮಾತಿಲ್ಲ. ಉಂಡು ಎದ್ದು ತನ್ನ ಕೋಣೆ ಸೇರುತ್ತಿದ್ದ. ಅಲ್ಲಿದ್ದದ್ದು ಒಂದೇ ಕುರ್ಚಿ.

ಊರಿನ ಮದುವೆಗಳನ್ನೆಲ್ಲ ತೆಗೆದ ಈ ಮಹಾರಾಯ ಹೆಂಡತಿಯ ಫೋಟೋ ತೆಗೆದದ್ದು ಒಂದೇ ಸಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ತೆಗೆದದ್ದೂ ಅವಳ ಕಾಯಿಲೆ ಬಲಿತ ಮೇಲೆ. ಬೋಳಾದ ತಲೆಯ ಮೇಲೆ ಸೆರಗು, ಒಳಸೇರಿದ ಕೆನ್ನೆ.

ಆ ಮುಖ ನೋಡಲು ಅವನಿಂದ ಆಗುತ್ತಿರಲಿಲ್ಲ. ನೋಡದೆ ಇರಲೂ ಆಗುತ್ತಿರಲಿಲ್ಲ.

ಒಂದು ದಿನ ಅವನು ಗುರುಗಳ ಮುಂದೆ ಬಂದು ನಿಂತ. ಒಡೆದ ಮಡಕೆಯನ್ನೂ ಅಜ್ಜನನ್ನು ಕೇಳದೆ ಎಸೆಯಬಾರದೆಂಬುದು ಆ ಮಠದ ಪದ್ಧತಿ.

"ಒಂದು ಫೋಟೋ ಅಳಸಬೇಕಾಗೇತ್ರಿ ಅಜ್ಜಾರ. ಅಪ್ಪಣಿ ಕೊಡ್ರಿ."

"ಯಾರದು?"

"ನಿಂಬೆವ್ವಂದು."

"ಅಕೀದು ಇರೂದ ಒಂದು ಅಂದಿದ್ದಿಯಲ್ಲ."

"ಅದನ್ನ ತಿದ್ದೇನ್ರಿ, ಈಗ ಎರಡು ಅದಾವ. ಫೋಟೋ ಎಲ್ಲಾ ಇರೂದು ಕಂಪ್ಯೂಟರಿನ ಲೈಬ್ರರಿಯೊಳಗ. ಅದು ಮನಿ ಇದ್ದಂಗ. ತಿದ್ದೂದು ಹೊರಗ, ಬ್ಯಾರೆ ಸಾಫ್ಟ್‌ವೇರಿನ್ಯಾಗ. ಅಲ್ಲಿಗೆ ಕಳಸೂಮುಂದ ಲೈಬ್ರರಿ ಮೂಲದ್ದನ್ನ ಬಿಟ್ಟುಕೊಡಂಗಿಲ್ಲ, ನಕಲು ಮಾಡಿ ಕಳಸತೈತಿ. ನಕಲು ತಿದ್ದಿಸಿಕೊಂಡು ತಿರುಗಿ ಬಂದು ಮೂಲದ್ದರ ಮ್ಯಾಲ ಕುಂದರತೈತಿ."

"ಮೂಲದ್ದು?"

"ಕೆಳಗ ಮುಚ್ಚಿ ಹೋಗತೈತ್ರಿ. ಆದ್ರ ಇರತೈತಿ. ಅದು ಐತಿ ಅನ್ನೂದು ನೆನಪಾದ್ರ ನನಗ ನಿದ್ದಿ ಬರಂಗಿಲ್ಲ. ಅದನ್ನ ಅಳಸತೇನ್ರಿ."

ಅಜ್ಜ ಕೋಲು ಹಿಡಿದು ಎದ್ದರು. ಕೋಣೆಗೆ ಬಂದು ಕುರ್ಚಿಯಲ್ಲಿ ಕೂತರು.

"ತೋರಸು."

ಕಲ್ಲಿನಾಥ ತಿದ್ದಿದ ಫೋಟೋ ತೆರೆದ. ಅಜ್ಜ ಪರದೆಗೆ ಮುಖ ತಂದು ನೋಡಿದರು.

"ಚಂದ ಅದಾಳ. ಯಾರ ಮನೀ ಮದುಮಗಳು ಈಕಿ?"

ಆ ಕೂದಲನ್ನು ಕಲ್ಲಿನಾಥ ತಾನು ತೆಗೆದಿದ್ದ ಒಬ್ಬ ಮದುಮಗಳ ಫೋಟೋದಿಂದ ತಂದಿದ್ದ. ಕೆನ್ನೆ ಇನ್ನೊಬ್ಬಳದು.

"ನಿಂಬೆವ್ವರಿ."

"ನಿಂಬೆವ್ವನ್ನ ನಾ ನೋಡೇನಪಾ. ಆಕಿ ಅಲ್ಲ ಈಕಿ."

"ಹಿಂಗ ಇರಬೇಕಾಗಿತ್ರಿ ಅಕಿ."

"ಈಕಿ ಕೂಡ ಮಾತಾಡತಿಯೇನು?"

"ದಿನಾ ಮಾತಾಡಸತೇನ್ರಿ. ಈಕಿ ಏನೂ ಅನ್ನಂಗಿಲ್ಲ." ಹೇಳುವಾಗ ಕಲ್ಲಿನಾಥನಿಗೆ ಅಳು ಬಂತು. ಹೆಂಡತಿ ಸತ್ತ ದಿನವೂ ಅವನಿಗೆ ಇಷ್ಟು ಒಬ್ಬಂಟಿ ಅನ್ನಿಸಿರಲಿಲ್ಲ.

"ಕೆಳಗಿಂದು ತೋರಸು."

"ಬ್ಯಾಡ್ರಿ ಅಜ್ಜಾರ."

"ಅಪ್ಪಣಿ ಕೇಳಾಕ ಬಂದಿ. ನೋಡದ ಹೆಂಗ ಕೊಡಲಿ?"

ಕಲ್ಲಿನಾಥ ಮುಖ ತಿರುಗಿಸಿಕೊಂಡೇ ಬಟನ್ ಒತ್ತಿದ. ಮೇಲಿನ ಫೋಟೋ ಸರಿಯಿತು.

ಅಜ್ಜನ ಮುಖ ಅರಳಿತು. ಆ ಕೊನೆಯ ವರ್ಷ ನಿಂಬೆವ್ವ ಒಮ್ಮೆ ಮಠಕ್ಕೆ ಬಂದಿದ್ದಳು. ಹುಗ್ಗಿ ಉಂಡು, ಬೆಲ್ಲ ಕಮ್ಮಿ ಆಗೇತಿ ಎಂದು ಅಜ್ಜನ ಎದುರಿಗೇ ಹೇಳಿದ್ದಳು. ಇಡೀ ಮಠದಲ್ಲಿ ಹಾಗೆ ಹೇಳುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಫೋಟೋದಲ್ಲಿ ಆ ಒಳಸೇರಿದ ಕೆನ್ನೆಯ ಮೂಲೆಯಲ್ಲಿ ಅದೇ ನಗು ಇತ್ತು.

ಅಜ್ಜ ಕೋಲೂರಿ ಕುರ್ಚಿಯಿಂದ ಎದ್ದರು. ಕುರ್ಚಿಯನ್ನು ಪರದೆಯ ಕಡೆಗೆ ಸರಿಸಿ, ಮನೆಗೆ ಬಂದವರನ್ನು ಕರೆಯುವಂತೆ ಕರೆದರು.

"ಬಾ ನಿಂಬೆವ್ವ, ಕುಂದ್ರು ತಾಯಿ. ಮನಿಯಾಕಿ ಆದ ನಿನ್ನ ಹೊರಗ ನಿಂದ್ರಿಸಿ, ಇಂವಾ ಒಳಗ ಒಬ್ಬನ ಕುಂತಿದ್ದ."